ಪುಟ್ಟ ಅಳತೆ, ದೊಡ್ಡ ವ್ಯತ್ಯಾಸ

ಒಂದು ಸೆಂಟಿಮೀಟರಿಗೆ ಎಷ್ಟು ಮಿಲಿಮೀಟರ್? ಯಾವ ವಿದ್ಯಾರ್ಥಿಯನ್ನು ಕೇಳಿದರೂ 'ಹತ್ತು' ಎಂಬ ಉತ್ತರ ಥಟ್ಟನೆ ಬರುತ್ತದೆ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಚದರ ಮಿಲಿಮೀಟರ್ ಎಂದರೆ, ಆಗಲೂ 'ಹತ್ತು' ಎನ್ನುವವರು ಹೈಸ್ಕೂಲಿನಲ್ಲೂ ಸಿಗುತ್ತಾರೆ.

ಸರಿಯುತ್ತರ ಗ್ರಾಫ್ ಹಾಳೆಯಲ್ಲೇ ಇದೆ. ಒಂದು ಸೆಂ.ಮೀ. ಚೌಕದೊಳಗೆ ಅಡ್ಡಲಾಗಿ ಹತ್ತು, ಉದ್ದಕ್ಕೆ ಹತ್ತು, ಒಟ್ಟು 100 ಪುಟ್ಟ ಚೌಕಗಳಿರುತ್ತವೆ. ಒಂದೊಂದೂ ಒಂದು ಚದರ ಮಿ.ಮೀ. ಇದರ ಮೇಲೆ ಒಂದು ಮಿ.ಮೀ. ದಪ್ಪದ ಹತ್ತು ಪದರಗಳನ್ನು ಪೇರಿಸಿದರೆ ಒಂದು ಘನ ಸೆಂ.ಮೀ. ಆಗುತ್ತದೆ, ಅದರಲ್ಲಿ 1000 ಘನ ಮಿ.ಮೀ. ಇರುತ್ತವೆ. ಉದ್ದಕ್ಕೆ ಹತ್ತು, ವಿಸ್ತೀರ್ಣಕ್ಕೆ ನೂರು, ಘನಫಲಕ್ಕೆ ಸಾವಿರ. ಈ ಘನ ಸೆಂ.ಮೀ.ಗೇ ಮಿಲಿಲೀಟರ್ ಎಂಬ ಇನ್ನೊಂದು ಹೆಸರು. ಇಂಜೆಕ್ಷನ್ ಕೊಡುವವರು ಹೇಳುವ 'ಸಿ.ಸಿ.' ಕೂಡ ಅದೇ.

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದೇಕೆ? ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತರೆ ಎಷ್ಟು ಎತ್ತರವಾದೀತು ಎಂಬುದೇ ಆ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರು ನಿಂತರೆ ಸರಿಯಾಗಿ ಒಂದು ಲೀಟರ್. 100 ಚದರ ಮೀಟರಿನ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1000 ಲೀಟರ್! ಮಳೆನೀರು ಸಂಗ್ರಹಿಸುವವರು ತೊಟ್ಟಿಯ ಅಳತೆ ನಿರ್ಧರಿಸುವಾಗ ಈ ಲೆಕ್ಕ ನೆರವಾಗುತ್ತದೆ.

ಔಷಧದ ವಿಷಯದಲ್ಲಂತೂ ಈ ಪುಟ್ಟ ಅಳತೆಗಳು ಪ್ರಾಣಕ್ಕೆ ಸಂಬಂಧಿಸಿದವು. ವೈದ್ಯರು '5 ಮಿ.ಲೀ.' ಎಂದು ಬರೆದ ಸಿರಪ್ಪನ್ನು ಅಡುಗೆಮನೆಯ ಚಮಚದಲ್ಲಿ ಕುಡಿಸುವುದು ಸರಿಯಲ್ಲ. ಚಮಚಗಳೆಲ್ಲ ಒಂದೇ ಗಾತ್ರದವಲ್ಲ. ಬಾಟಲಿಯೊಂದಿಗೆ ಬರುವ, ಗೆರೆ ಹಾಕಿದ ಅಳತೆ ಮುಚ್ಚಳವನ್ನೇ ಬಳಸಬೇಕು.

ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಯು-40 ಎಂದರೆ ಒಂದು ಮಿ.ಲೀ.ನಲ್ಲಿ 40 ಯೂನಿಟ್. ಯು-100 ಎಂದರೆ 100 ಯೂನಿಟ್. ಇಪ್ಪತ್ತು ಯೂನಿಟ್ ಬೇಕಾದಾಗ ಮೊದಲನೆಯದರಲ್ಲಿ 0.5 ಮಿ.ಲೀ., ಎರಡನೆಯದರಲ್ಲಿ 0.2 ಮಿ.ಲೀ. ಮಾತ್ರ. ಯು-40 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಯು-100 ಇನ್ಸುಲಿನ್ ಎಳೆದುಕೊಂಡರೆ ದೇಹಕ್ಕೆ ಸೇರುವುದು 50 ಯೂನಿಟ್! ರಕ್ತದಲ್ಲಿನ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು.

ಸೀಸೆಯ ಮೇಲಿರುವ ಸಂಖ್ಯೆಯೂ ಸಿರಿಂಜಿನ ಮೇಲಿರುವ ಸಂಖ್ಯೆಯೂ ಒಂದೇ ಆಗಿರಬೇಕು. ಮನೆಯಲ್ಲಿ ಅಜ್ಜ, ಅಜ್ಜಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮಕ್ಕಳು ಇವೆರಡನ್ನೂ ಓದಿ ಹೇಳಲಿ. ಕಣ್ಣು ಮಂಜಾದ ಹಿರಿಯರಿಗೆ ಅದು ದೊಡ್ಡ ಸಹಾಯ.