ಮಕ್ಕಳ ಶೀತ-ಕೆಮ್ಮು: ಮನೆಮದ್ದು ಎಲ್ಲಿಯವರೆಗೆ?



ಮಕ್ಕಳ ಶೀತ-ಕೆಮ್ಮು ಹೆಚ್ಚಾಗಿ ವೈರಸ್‌ನಿಂದ ಬರುವಂಥದ್ದು. ವಾರ-ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಮನೆಯಲ್ಲಿ ಮಾಡಬೇಕಾದ್ದು:

* ಎದೆಹಾಲು ನಿಲ್ಲಿಸಬೇಡಿ. ದೊಡ್ಡ ಮಕ್ಕಳಿಗೆ ಬೆಚ್ಚಗಿನ ಗಂಜಿ, ಸಾರು ಆಗಾಗ ಕೊಡಿ.
* ವರ್ಷ ದಾಟಿದ ಮಗುವಿಗೆ ಅರ್ಧ ಚಮಚ ಜೇನು ಕೊಡಬಹುದು. ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ.
* ಡಾಕ್ಟರನ್ನು ಕೇಳದೆ ಸಿರಪ್ ಕುಡಿಸಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ತೀರಿಕೊಂಡರು.

ಉಸಿರು ಎಣಿಸಿ:

ಮಗು ಸುಮ್ಮನೆ ಮಲಗಿರುವಾಗ ಹೊಟ್ಟೆ ನೋಡಿ, ಪೂರ್ತಿ ಒಂದು ನಿಮಿಷ ಎಣಿಸಿ.

* ಎರಡು ತಿಂಗಳೊಳಗೆ: 60
* ವರ್ಷದೊಳಗೆ: 50
* ಐದು ವರ್ಷದೊಳಗೆ: 40

ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಹಾಲು ಕುಡಿಯದಿದ್ದರೆ ನ್ಯುಮೋನಿಯಾ ಇರಬಹುದು. ಮನೆಮದ್ದು ಅಲ್ಲಿಗೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಈ ಲೆಕ್ಕವನ್ನು ಸಂಘದ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿ.