ಗದರಿಸದೆ ಗೆಲ್ಲಿಸುವ ಗುರು

ಅಜಿಲಿಟಿ ಸ್ಪರ್ಧೆಯಲ್ಲಿ ಓಡುವ ನಾಯಿಗೆ ಹಗ್ಗ ಹಾಕುವಂತಿಲ್ಲ. ಜೊತೆಗೆ ಓಡುವ ಹ್ಯಾಂಡ್ಲರ್ ಕೈಯಲ್ಲಿ ತಿಂಡಿ ಇರಬಾರದು, ಆಟಿಕೆಯೂ ಇರಬಾರದು. ನಾಯಿಯನ್ನು ಮುಟ್ಟಿ ದಾರಿ ತೋರಿಸಿದರೆ ತಪ್ಪು. ಹಾರುವ ಅಡ್ಡಪಟ್ಟಿಗಳು, ಸುರಂಗ, ಸೀಸಾ, ಎತ್ತರದ ಹಲಗೆ ಎಲ್ಲವನ್ನೂ ತೀರ್ಪುಗಾರರು ಗೊತ್ತುಮಾಡಿದ ಕ್ರಮದಲ್ಲೇ ದಾಟಬೇಕು. ಒಳ್ಳೆಯ ನಾಯಿ ಇದನ್ನೆಲ್ಲ ನಿಮಿಷದೊಳಗೆ ಮುಗಿಸುತ್ತದೆ. ಹೊಡೆದು ಕಲಿಸಿದ ವಿದ್ಯೆ ಇಂಥ ಕಡೆ ನಡೆಯುವುದಿಲ್ಲ. ಓಡಬೇಕೆಂದು ನಾಯಿಗೇ ಅನ್ನಿಸಬೇಕು. ಕೆನಡಾದ ಸುಸಾನ್ ಗ್ಯಾರೆಟ್ ಅವರ ಇಷ್ಟು ವರ್ಷಗಳ ಕೆಲಸ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಆಟ ತೀರಾ ಹಳೆಯದೇನಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನ ವೇಳೆಯಲ್ಲಿ ಜನರನ್ನು ರಂಜಿಸಲೆಂದು ಕುದುರೆ ಜಿಗಿತದ ಮಾದರಿಯಲ್ಲಿ ಇದನ್ನು ರೂಪಿಸಿದರು. ಎರಡೇ ವರ್ಷದಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಮಾನ್ಯತೆ ಕೊಟ್ಟಿತು. ಆದರೆ ನಾಯಿಗೆ ಕಲಿಸುವ ಪದ್ಧತಿ ಮಾತ್ರ ಆಗಿನ್ನೂ ಬಹುಮಟ್ಟಿಗೆ ಕೊರಳ ಸರಪಳಿಯನ್ನು ಜಗ್ಗುವುದೇ ಆಗಿತ್ತು. ತಪ್ಪಿದರೆ ಎಳೆತ, ಮತ್ತೆ ತಪ್ಪಿದರೆ ಇನ್ನೂ ಜೋರು ಎಳೆತ.

ಒಂಟಾರಿಯೊ ಪ್ರಾಂತ್ಯದ ಸುಸಾನ್ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನ ಓದಿದವರು. ಜಾಕ್ ರಸೆಲ್ ಟೆರಿಯರ್, ಬಾರ್ಡರ್ ಕೊಲೀ ನಾಯಿಗಳೊಂದಿಗೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ಗೆದ್ದರು, 'ಸೇ ಯೆಸ್' ಎಂಬ ತರಬೇತಿ ಶಾಲೆ ಕಟ್ಟಿದರು. ಅವರ ಮೇಲೆ ಗಾಢ ಪ್ರಭಾವ ಬೀರಿದವರು ಬಾಬ್ ಬೇಲಿ. ಅಮೆರಿಕದ ನೌಕಾಪಡೆಗಾಗಿ ಡಾಲ್ಫಿನ್‌ಗಳನ್ನು ಪಳಗಿಸಿದ ಬೇಲಿ, ಮುಂದೆ ತರಬೇತುದಾರರಿಗೆ ಪಾಠ ಹೇಳಲು ಆರಿಸಿಕೊಂಡದ್ದು ಕೋಳಿಯನ್ನು! ಕೋಳಿಯನ್ನು ಗದರಿಸಿ ಕಲಿಸಲಾಗದು. ಹೆದರಿದರೆ ಅದು ಮೇಜಿನಿಂದ ಹಾರಿಹೋಗುತ್ತದೆ. ಅದು ಸರಿಯಾದದ್ದನ್ನು ಮಾಡಿದ ಕ್ಷಣವನ್ನೇ ಹಿಡಿದು ಕಾಳು ಕೊಡಬೇಕು. ಅರೆಗಳಿಗೆ ತಡವಾದರೂ ಬೇರೇನನ್ನೋ ಕಲಿಸಿದಂತಾಗುತ್ತದೆ.

ಸುಸಾನ್ ಜನಪ್ರಿಯಗೊಳಿಸಿದ 'ಇಟ್ಸ್ ಯರ್ ಚಾಯ್ಸ್' ಎಂಬ ಆಟವನ್ನು ನೋಡಿದರೆ ಈ ದಾರಿ ಅರ್ಥವಾಗುತ್ತದೆ. ಮುಷ್ಟಿಯಲ್ಲಿ ತಿಂಡಿಯ ಚೂರುಗಳನ್ನಿಟ್ಟು ನಾಯಿಯ ಮುಂದೆ ಹಿಡಿಯುತ್ತಾರೆ. ಅದು ನೆಕ್ಕುತ್ತದೆ, ಪಂಜದಿಂದ ಕೆರೆಯುತ್ತದೆ, ಮೂಗು ತೂರಿಸುತ್ತದೆ. ಮುಷ್ಟಿ ಬಿಚ್ಚುವುದಿಲ್ಲ, ಬಾಯಿಂದ ಒಂದು ಮಾತೂ ಇಲ್ಲ. ಬೇಸತ್ತ ನಾಯಿ ಮುಖ ಹಿಂದಕ್ಕೆಳೆದ ಕೂಡಲೇ ಅಂಗೈ ತೆರೆದುಕೊಳ್ಳುತ್ತದೆ. ಬಾಯಿ ಹಾಕಲು ಬಂತೋ, ಮತ್ತೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ತೆರೆದ ಅಂಗೈಯಲ್ಲಿ ತಿಂಡಿ ಕಾಣುತ್ತಿದ್ದರೂ ನಾಯಿ ತಾನಾಗಿಯೇ ಕುಳಿತು ಕಾಯತೊಡಗುತ್ತದೆ. ಆಗ ಒಂದೊಂದೇ ಚೂರನ್ನು ತೆಗೆದು ಅದರ ಬಾಯಿಗಿಡುತ್ತಾರೆ. 'ಬೇಡ' ಎಂಬ ಅಪ್ಪಣೆಯಿಲ್ಲದೆ ನಾಯಿ ಸಂಯಮ ಕಲಿಯಿತು. ಹೇಳಿಸಿಕೊಂಡು ಸುಮ್ಮನಿರುವುದಕ್ಕೂ ತಾನೇ ತೀರ್ಮಾನಿಸಿ ಸುಮ್ಮನಿರುವುದಕ್ಕೂ ಎಷ್ಟು ವ್ಯತ್ಯಾಸ!

ಸಾಲಾಗಿ ನೆಟ್ಟ ಹನ್ನೆರಡು ಕಂಬಗಳ ನಡುವೆ ಅಂಕುಡೊಂಕಾಗಿ ನುಸುಳುವುದು ಅಜಿಲಿಟಿಯ ಕಷ್ಟದ ಪಾಠ. ಮೊದಲ ಕಂಬ ಯಾವಾಗಲೂ ನಾಯಿಯ ಎಡ ಭುಜಕ್ಕೆ ಬರಬೇಕು. ಹಿಂದೆ ಹಗ್ಗ ಹಿಡಿದು ಎಳೆದೋ, ಪಕ್ಕದಲ್ಲಿ ತಂತಿ ಕಟ್ಟಿಯೋ ಕಲಿಸುತ್ತಿದ್ದರು. ಸುಸಾನ್ ಎರಡೇ ಕಂಬ ನೆಟ್ಟು ಆರಂಭಿಸುತ್ತಾರೆ. ನಾಯಿ ಅವುಗಳ ನಡುವೆ ಹಾದ ತಕ್ಷಣ ಅದರ ಮುಂದಕ್ಕೆ ಆಟಿಕೆ ಬೀಳುತ್ತದೆ. ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಕಳಿಸುತ್ತ, ಕಂಬಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಸಾಲಿಗೆ ತರುತ್ತಾರೆ. ಆಮೇಲೆ ಇನ್ನೆರಡು ಕಂಬ. ಹೀಗೆ ಕಲಿತ ನಾಯಿ ಯಾವ ಮೂಲೆಯಿಂದ ಓಡಿಬಂದರೂ ಸರಿಯಾದ ಬಾಗಿಲನ್ನು ತಾನೇ ಹುಡುಕಿಕೊಳ್ಳುತ್ತದೆ.

ಇದನ್ನು ಮುದ್ದಿನ ತರಬೇತಿ ಎಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಸುಸಾನ್ ಮನೆಯಲ್ಲಿ ನಾಯಿಗೆ ಬೇಕಾದ್ದೆಲ್ಲ ಬೇಕೆಂದಾಗ ಸಿಗುವುದಿಲ್ಲ. ಊಟ, ಆಟ, ಹೊರಗೆ ಹೋಗುವುದು ಎಲ್ಲಕ್ಕೂ ಕ್ರಮವಿದೆ. ತಪ್ಪಿದರೆ ಪೆಟ್ಟಿಲ್ಲ, ಬಹುಮಾನ ಇಲ್ಲ ಅಷ್ಟೆ. ಹಿಡಿತಕ್ಕೆ ಸಿಗದಷ್ಟು ಆವೇಶದ 'ಬಝ್' ಎಂಬ ಬಾರ್ಡರ್ ಕೊಲೀಯನ್ನು ಹೀಗೆಯೇ ಚಾಂಪಿಯನ್ ಮಾಡಿದ ಕಥೆಯನ್ನು ಅವರು 2005ರ 'ಶೇಪಿಂಗ್ ಸಕ್ಸೆಸ್' ಪುಸ್ತಕದಲ್ಲಿ ಹೇಳಿದ್ದಾರೆ. ನಾಯಿ ಎಡವಿದರೆ ಅವರು ಮೊದಲು ಪರಿಶೀಲಿಸುವುದು ಕಲಿಸಿದ ಕ್ರಮವನ್ನು. ನನಗೆ ಅವರ ಮೇಲಿನ ಗೌರವ ಹೆಚ್ಚಲು ಪದಕಗಳಿಗಿಂತ ಇದೇ ಕಾರಣ.

ನಿಮ್ಮ ಮನೆಯಲ್ಲಿ ನಾಯಿಯಿದ್ದರೆ, ಅದು ಬೀದಿಯಿಂದ ತಂದದ್ದಾದರೂ ಸರಿ, ಮುಷ್ಟಿಯ ಆಟವನ್ನು ಈ ವಾರವೇ ಆಡಿಸಿ ನೋಡಿ. ದಿನಕ್ಕೆ ಐದು ನಿಮಿಷ ಸಾಕು. ಮರಿಗಳನ್ನು ಮಾತ್ರ ಎತ್ತರದಿಂದ ಹಾರಿಸಬೇಡಿ, ಮೂಳೆ ಬಲಿಯುವವರೆಗೆ ತಾಳಿ. ಅಂತರರಾಷ್ಟ್ರೀಯ ನಿಯಮದಂತೆ ಸ್ಪರ್ಧೆಗಿಳಿಯಲು ನಾಯಿಗೆ 18 ತಿಂಗಳಾಗಿರಬೇಕು.