ಒಂದು ಕ್ಯಾಂಡಲ್ಲು... ಮನೆ ತುಂಬಾ ಘಮ ಘಮ!

ಕ್ಯಾಮರಾ ರೆಡಿ, ಆರ್ಟಿಸ್ಟ್ ರೆಡಿ. ಲೈಟ್ಸ್?

ಲೈಟೇ ಇಲ್ಲ ಸ್ವಾಮಿ! ಬರೀ ಮೇಣದ ಬತ್ತಿ!

1975ರಲ್ಲಿ ತೆರೆ ಕಂಡ ‘ಬ್ಯಾರಿ ಲಿಂಡನ್’ ಚಿತ್ರದ ವಿಷಯ ಹೇಳ್ತಿದ್ದೇನೆ. ಸ್ಟಾನ್ಲಿ ಕ್ಯೂಬ್ರಿಕ್ ಎಂಬ ಹಠಮಾರಿ ನಿರ್ದೇಶಕ, ರಾತ್ರಿಯ ಹಲವು ಒಳಾಂಗಣ ದೃಶ್ಯಗಳನ್ನು ಕ್ಯಾಂಡಲ್ ಬೆಳಕಿನಲ್ಲೇ ತೆಗೆದು ತೋರಿಸಿದ. ಅದಕ್ಕೆಂದೇ ಜೈಸ್ ಕಂಪೆನಿ ನಾಸಾಗಾಗಿ ತಯಾರಿಸಿದ್ದ 50 ಎಂ.ಎಂ. ಲೆನ್ಸನ್ನು ಹುಡುಕಿ ತಂದ. ಎಫ್ 0.7! ಲೆನ್ಸಿನ ಬಗ್ಗೆ ಗೊತ್ತಿದ್ದವರು ಈ ಅಂಕಿ ನೋಡಿದ ಕೂಡಲೇ ಬಾಯಿ ಬಿಡ್ತಾರೆ. ಕಲಾವಿದರು ಚೂರು ಮುಂದೆ ಬಾಗಿದರೂ ಫೋಕಸ್ ಹೋಯ್ತು ಅಂತಲೇ ಲೆಕ್ಕ. ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಆಸ್ಕರ್ ಪ್ರಶಸ್ತಿಯೂ ಬಂತು. (ಬೆಳಕಿನ ಆಟದಲ್ಲಿ ನಮ್ಮವರೇನು ಕಮ್ಮಿ? 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿ ಹಿಡಿದು ಸೂರ್ಯನ ಬಿಸಿಲನ್ನೇ ಸ್ಟುಡಿಯೋ ಒಳಕ್ಕೆ ಎಳೆದು ತಂದ ವಿ.ಕೆ. ಮೂರ್ತಿ ನಮ್ಮ ಮೈಸೂರಿನವರು ಮಾರಾಯ್ರೆ!)

ಈ ಕಥೆಯನ್ನು ನನಗೆ ಮೊದಲು ಹೇಳಿದವನು ನನ್ನ ರೂಮ್‌ಮೇಟ್. ಚಿತ್ರರಂಗದಲ್ಲಿ ಲೈಟ್‌ಮನ್. ಹೆಸರು ಬೇಡ, ಅವನಿಗೆ ನಾಚಿಕೆ ಜಾಸ್ತಿ. ನಾನು ಮನೆಯಲ್ಲೇ ಸೆಂಟೆಡ್ ಕ್ಯಾಂಡಲ್ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದೂ ಅವನಿಂದಲೇ.

2021ರಲ್ಲಿ ಕೊರೋನಾದ ಎರಡನೇ ಅಲೆ ಬಂತಲ್ಲ, ಆಗ ಇವನಿಗೂ ಬಂತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಮೂಗು ಮಾತ್ರ ವಾಪಸ್ ಬರಲಿಲ್ಲ! ಒಗ್ಗರಣೆ ಸೀದರೂ ಗೊತ್ತಾಗದು, ಹಾಲು ಒಡೆದರೂ ಗೊತ್ತಾಗದು. ‘ಅಯ್ಯೋ ಅಷ್ಟೇ ತಾನೇ’ ಅಂತೀರಾ? ಲೈಟ್‌ಮನ್‌ಗೆ ಮೂಗು ಅಂದ್ರೆ ಏನು ಅಂತ ಅವನನ್ನೇ ಕೇಳಬೇಕು. ಕೇಬಲ್ ಕಾದು ರಬ್ಬರ್ ಸುಡೋಕೆ ಶುರುವಾದ್ರೆ, ಹೊಗೆ ಕಣ್ಣಿಗೆ ಬೀಳೋ ಮುಂಚೆ ವಾಸನೆ ಮೂಗಿಗೆ ಬಡಿಯುತ್ತೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ. ಸೋರಿದರೆ ಜನರಿಗೆ ಗೊತ್ತಾಗಲಿ ಅಂತ ಕಂಪೆನಿಯವರೇ ದುರ್ವಾಸನೆ ಬೆರೆಸಿರ್ತಾರೆ. ಆ ವಾಸನೆಯೂ ಇವನಿಗೆ ಇಲ್ಲ. ‘ಗುರೂ, ನಾನು ಸೆಟ್ಟಿಗೆ ಹೋಗಿ ಏನ್ ಮಾಡ್ಲಿ? ನನ್ನಿಂದ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?’ ಅಂತ ಒಂದು ರಾತ್ರಿ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಕಿವಿ-ಮೂಗು-ಗಂಟಲಿನ ಡಾಕ್ಟರ್ ಒಬ್ಬರು ಹೇಳಿದ್ದು: ಮೂಗಿಗೂ ಗರಡಿ ಸಾಧನೆ ಉಂಟು! ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2009ರಲ್ಲಿ ಪ್ರಕಟಿಸಿದ ವಿಧಾನ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ... ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, ಒಂದೊಂದನ್ನೂ ಕೆಲವು ಸೆಕೆಂಡು, ಮನಸ್ಸಿಟ್ಟು ಮೂಸಬೇಕು. ವಾರಗಟ್ಟಲೆ. ಎಲ್ಲರಿಗೂ ಫಲ ಸಿಗುತ್ತೆ ಅಂತಿಲ್ಲ, ಆದರೆ ಹಲವರಿಗೆ ಸಿಕ್ಕಿದೆ. ಸರಿ, ನಾಲ್ಕು ಬಾಟಲಿ ತಂದಾಯ್ತು. ಬೆಳಿಗ್ಗೆ ಸಂಜೆ ಮೂಸೋದು ಅವನ ಕೆಲಸ, ಉಳಿದ ಎಣ್ಣೆಯಲ್ಲಿ ಕ್ಯಾಂಡಲ್ ಮಾಡೋದು ನನ್ನ ಕೆಲಸ! ಒಂದು ಮಾತು ನೆನಪಿರಲಿ: ಸಾಧನೆ ನಡೆದದ್ದು ಬಾಟಲಿಯಲ್ಲೇ, ಉರಿಯೋ ಕ್ಯಾಂಡಲ್ಲಿನ ಮುಂದೆ ಅಲ್ಲ.

ಈಗ ಮಾಡೋದು ಹೇಗೆ ಕೇಳಿ.

ಅರ್ಧ ಕೆಜಿ ಪ್ಯಾರಾಫಿನ್ ಮೇಣ ತನ್ನಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕರಗುವಂಥದ್ದು. ಮೇಣದ ಪಾತ್ರೆಯನ್ನು ನೇರವಾಗಿ ಸ್ಟೌ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಿ. ನೀರು ನೂರು ಡಿಗ್ರಿ ದಾಟೋದಿಲ್ಲವಲ್ಲ, ಹಾಗಾಗಿ ಮೇಣವೂ ಮಿತಿ ಮೀರಿ ಕಾಯೋದಿಲ್ಲ. ನೇರ ಉರಿಗೆ ಸಿಕ್ಕಿದ ಮೇಣ ಪೂರಾ ವಿಲನ್! ಹೆಚ್ಚು ಕಾದರೆ ಭಗ್ಗನೆ ಹೊತ್ತಿಕೊಳ್ಳುತ್ತೆ. ಹಾಗೆ ಹೊತ್ತಿಕೊಂಡಾಗ ನೀರು ಸುರಿದವನ ಕಥೆ ಅಲ್ಲಿಗೇ ‘ಶುಭಂ’. ನೀರು ಒಂದೇ ಏಟಿಗೆ ಆವಿಯಾಗಿ ಉರಿಯೋ ಮೇಣವನ್ನು ಮುಖಕ್ಕೇ ಎರಚುತ್ತೆ. ಸ್ಟೌ ಆರಿಸಿ, ಪಾತ್ರೆಗೆ ಮುಚ್ಚಳ ಜಾರಿಸಿ ಮುಚ್ಚಿ. ಅಷ್ಟೇ. ಮುಚ್ಚಳ ಪಕ್ಕದಲ್ಲಿ ಇಲ್ಲದೆ ನಾನು ಕೆಲಸ ಶುರು ಮಾಡೋದೇ ಇಲ್ಲ.

ಮೇಣ ಕರಗಿ ತಿಳಿಯಾದ ಮೇಲೆ ಕೆಳಗಿಳಿಸಿ, ಸುಮಾರು 75 ಡಿಗ್ರಿಗೆ ಬಂದಾಗ ಸೆಂಟು ಬೆರೆಸಿ. ನೂರು ಗ್ರಾಂ ಮೇಣಕ್ಕೆ ಆರು ಗ್ರಾಂ ಸೆಂಟು ಸಾಕು. ಅರ್ಧ ಕೆಜಿಗೆ 30 ಗ್ರಾಂ ಆಯ್ತು. ಜಾಸ್ತಿ ಹಾಕಿದ್ರೆ ಜಾಸ್ತಿ ಘಮ ಅಂದ್ಕೊಂಡ್ರಾ? ಮೇಣ ಕುಡಿಯದ ಎಣ್ಣೆ ಬೆವರಿನ ಹಾಗೆ ಮೇಲೆ ನಿಲ್ಲುತ್ತೆ. ಲವಂಗದ ಎಣ್ಣೆಯಂತೂ ಭಾರೀ ಜೋರು, ಅದಕ್ಕೆ ಅರ್ಧ ಅಳತೆಯೇ ಸಾಕು.

ಬಗಲಿಗೆ ಹೊಡೆದುಕೊಳ್ಳೋ ಸ್ಪ್ರೇ ಹಾಕಬಹುದಾ ಅಂತ ನನ್ನ ತಮ್ಮ ಕೇಳಿದ. ಬೇಡಪ್ಪಾ ತಂದೆ! ಅದರಲ್ಲಿ ಆಲ್ಕೋಹಾಲು ಇರುತ್ತೆ. ಮೇಣದಲ್ಲಿ ಬೆರೆಯೋದೂ ಇಲ್ಲ, ಬೆಂಕಿಗೂ ಅಪಾಯ. ಮೊಳ ಮಲ್ಲಿಗೆ ತಂದು ಮೇಣದಲ್ಲಿ ಮುಳುಗಿಸಿದ್ರೆ? ಹೂವು ಕಂದು ಬಣ್ಣಕ್ಕೆ ತಿರುಗಿ, ಒಣಗಿ, ಅದೇ ಇನ್ನೊಂದು ಬತ್ತಿಯಾಗಿ ಉರಿಯುತ್ತೆ. ಮಲ್ಲಿಗೆಯ ಪರಿಮಳ ಬಹಳ ನಾಜೂಕು. ಕಾಸಿದರೆ ಕೆಡುತ್ತೆ ಅಂತಲೇ ಅದನ್ನು ದ್ರಾವಕದಲ್ಲಿ ಹಿಂಡಿ ತೆಗೀತಾರೆ. ಇನ್ನು ನಮ್ಮ ಶ್ರೀಗಂಧದ ಎಣ್ಣೆ! 1916ರಿಂದ ಮೈಸೂರಿನಲ್ಲಿ ಸರ್ಕಾರಿ ಕಾರ್ಖಾನೆಯೇ ಇದೆ. ಆದರೆ ಅಸಲಿ ಎಣ್ಣೆಯ ಬೆಲೆ ಟಾಪ್ ಹೀರೋ ಸಂಭಾವನೆ ಇದ್ದ ಹಾಗೆ, ನಮ್ಮಂಥವರ ಕಾಲ್‌ಶೀಟಿಗೆ ಸಿಗೋದಲ್ಲ. ಕ್ಯಾಂಡಲ್‌ಗೆಂದೇ ಮಾಡಿದ ಗಂಧದ ಸೆಂಟು ಕೇಳಿ ತಗೊಳ್ಳಿ.

ಸ್ಟೀಲ್ ಲೋಟದ ನಡುವೆ ಬತ್ತಿ ನಿಲ್ಲಿಸಿ, ಮೇಲೊಂದು ಕಡ್ಡಿಗೆ ಕಟ್ಟಿ, ಮೇಣ ಸುರಿಯಿರಿ. ತಣ್ಣಗಾಗ್ತಾ ನಡುವೆ ಗುಳಿ ಬೀಳುತ್ತೆ. ಗಾಬರಿ ಬೇಡ, ಮೇಣ ಆರಿದಾಗ ಕುಗ್ಗುತ್ತೆ, ಸ್ವಲ್ಪ ಮೇಣ ಉಳಿಸಿಕೊಂಡು ಗುಳಿ ತುಂಬಿ. ಪಾತ್ರೆ ತೊಳೆದು ಸಿಂಕಿಗೆ ಸುರಿದೀರಿ ಜೋಕೆ! ಪೈಪು ಕಟ್ಟಿಕೊಂಡು ಓನರ್ ಮನೆಯಿಂದ ಆಕ್ಷನ್ ಸೀನ್ ಶುರುವಾಗುತ್ತೆ. ಕಾಗದದಲ್ಲಿ ಒರೆಸಿ ಎಸೆಯಿರಿ.

ಬತ್ತಿ ಅಂದೆನಲ್ಲ, ದೇವರ ದೀಪದ ಹತ್ತಿಬತ್ತಿ ಇದಕ್ಕೆ ನಡೆಯೋದಿಲ್ಲ. ಜಡೆ ಹಾಗೆ ಹೆಣೆದ ನೂಲಿನ ಬತ್ತಿಯೇ ಬೇಕು. 1825ರ ಸುಮಾರಿಗೆ ಫ್ರಾನ್ಸಿನ ಕಾಂಬಸೆರೆಸ್ ಎಂಬಾತ ಕಂಡುಹಿಡಿದದ್ದು ಇದು. ಹೆಣೆದ ಬತ್ತಿ ಉರಿಯುತ್ತಾ ಬಾಗಿ, ತುದಿ ಜ್ವಾಲೆಯ ಹೊರಗೆ ಬಂದು ತಾನೇ ಬೂದಿಯಾಗುತ್ತೆ. ಅದಕ್ಕೆ ಮುಂಚೆ? ಪಕ್ಕದಲ್ಲೇ ಕತ್ತರಿ ಇಟ್ಟುಕೊಂಡು ಆಗಾಗ ಕುಡಿ ಕತ್ತರಿಸ್ತಾ ಇರಬೇಕಿತ್ತು. ‘ಬ್ಯಾರಿ ಲಿಂಡನ್’ ಕಥೆ ನಡೆಯೋ ಹದಿನೆಂಟನೇ ಶತಮಾನದಲ್ಲಿ ಸಿರಿವಂತರ ಮನೆಗಳಲ್ಲಿ ಅದಕ್ಕೂ ಆಳುಗಳಿದ್ದರು ನೋಡಿ. ಬತ್ತಿ ತೀರಾ ದಪ್ಪ ಆದರೆ ಮಸಿ, ತೀರಾ ತೆಳು ಆದರೆ ನಡುವೆ ಬಾವಿ ತೋಡಿ ಉಸಿರುಗಟ್ಟಿ ಸಾಯುತ್ತೆ. ಇದೊಂದನ್ನು ಮಾತ್ರ ಮಾಡಿ ನೋಡಿಯೇ ಕಲಿಯಬೇಕು.

ಒಂದು ಮ್ಯಾಜಿಕ್ ಹೇಳಿಕೊಡ್ತೀನಿ, ಗೆಳೆಯರ ಮುಂದೆ ಮಾಡಿ ಚಪ್ಪಾಳೆ ಗಿಟ್ಟಿಸಿ. ಕ್ಯಾಂಡಲ್ ಆರಿಸಿ. ಬಿಳಿ ಹೊಗೆ ಏಳುತ್ತೆ. ತಕ್ಷಣ ಉರಿಯೋ ಕಡ್ಡಿಯನ್ನು, ಬತ್ತಿಗಲ್ಲ, ಆ ಹೊಗೆಗೆ ತೋರಿಸಿ. ಬೆಂಕಿ ಹೊಗೆಯಲ್ಲೇ ಜಾರಿ ಬಂದು ಬತ್ತಿ ಹೊತ್ತಿಕೊಳ್ಳುತ್ತೆ! ಉರಿಯೋದು ಮೇಣದ ಆವಿ ಅನ್ನೋದಕ್ಕೆ ಇದೇ ಸಾಕ್ಷಿ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗೆ ಉಪನ್ಯಾಸ ಕೊಡುವಾಗ ಇದನ್ನೇ ಮಾಡಿ ತೋರಿಸ್ತಿದ್ದರು. ಬುಕ್ ಬೈಂಡಿಂಗ್ ಅಂಗಡಿಯ ಹುಡುಗನಾಗಿ ಬದುಕು ಶುರು ಮಾಡಿದ ಮನುಷ್ಯ ಅವರು.

ನಮ್ಮ ಲೈಟ್‌ಮನ್ ಏನಾದ ಅಂತೀರಾ? ನಾಲ್ಕು ತಿಂಗಳು ಏನೂ ಇಲ್ಲ. ಬಿಡ್ತೀನಿ ಅಂದ, ನಾನು ಬಿಡಲಿಲ್ಲ. ಐದನೇ ತಿಂಗಳಲ್ಲಿ ಒಂದು ಸಂಜೆ ನಾನು ಮೇಣ ಕಲಕ್ತಾ ಇದ್ದೆ. ಹಿಂದಿನಿಂದ ದನಿ ಬಂತು: ‘ಲೋ... ಲವಂಗ ಹಾಕಿದ್ದೀಯೇನೋ?’ ಹಾಕಿದ್ದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದೊಂದಾಗಿ ಉಳಿದವೂ ಬಂದವು. ಗುಲಾಬಿ ಮಾತ್ರ ಇವತ್ತಿಗೂ ಅವನಿಗೆ ಸೋಪಿನ ನೀರಿನ ವಾಸನೆಯಂತೆ! ಸೆಟ್ಟಿಗೆ ಹೋಗ್ತಿದ್ದಾನೆ. ಕೇಬಲ್ಲಿನ ಹತ್ತಿರ ಬಗ್ಗಿ ಮೂಸಿ ನೋಡೋದು ಈಗ ಅವನ ಚಾಳಿ, ಯೂನಿಟ್ಟಿನ ಹುಡುಗರು ನಗ್ತಾರಂತೆ.

ಮಾಡಿದ ಕ್ಯಾಂಡಲ್ಲನ್ನು ಎರಡು ದಿನ ಹಾಗೇ ಇಟ್ಟು ಆಮೇಲೆ ಹಚ್ಚಿ. ಬತ್ತಿ ಕಾಲು ಇಂಚಿಗಿಂತ ಉದ್ದ ಇರಬಾರದು. ಮೊದಲ ಸಲ ಹಚ್ಚಿದಾಗ ಮೇಲಿನ ಮೇಣವೆಲ್ಲ ಲೋಟದ ಅಂಚಿನವರೆಗೂ ಕರಗೋ ತನಕ ಆರಿಸಬೇಡಿ, ಇಲ್ಲದಿದ್ರೆ ಮುಂದೆಯೂ ನಡುವೆ ಮಾತ್ರ ಕರಗುತ್ತೆ. ಕಿಟಕಿ ಸ್ವಲ್ಪ ತೆಗೆದಿರಲಿ. ಉಬ್ಬಸದವರಿದ್ದರೆ ಆ ಕೋಣೆಯಲ್ಲಿ ಬೇಡ. ಮತ್ತೆ, ಹಚ್ಚಿಟ್ಟು ಸೆಕೆಂಡ್ ಷೋಗೆ ಹೊರಟುಬಿಟ್ಟೀರಿ!